ರಾಣಿಯ ಅಳು
ಗರಿಫಾಲಿಯಾಳ ಗೋಳಾಟ ಇನ್ನೂ ಮುಗಿಯುವ ಮೊದಲೇ ಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಕನೆಲ್ಲಾ, ಅವಳ ಹಿಂದೆ ಓಣಿಯ ಹೆಂಗಸರೆಲ್ಲ, ತಲೆಗೆ ಕಪ್ಪು ಬಟ್ಟೆ ಸುತ್ತಿಕೊಂಡು ಒಳನುಗ್ಗಿದರು. ಕನೆಲ್ಲಾಳ ಕೈಯಲ್ಲಿ ಸಾವಿನ ಮನೆಗೆ ಒಯ್ಯುವ ಬ್ರಾಂದಿ ಬಾಟಲಿ.

"ಯಾವಾಗ ಹೋದ್ರು ನಿಮ್ಮಜ್ಜಿ? ಬೆಳಿಗ್ಗೆ ನನ್ನ ಕೋಳೀನ ಬೈತಾ ಇದ್ರಲ್ಲೇ!"

"ಅಯ್ಯೋ, ಇಲ್ಲ ಕನೆಲ್ಲತ್ತೆ, ಅಜ್ಜಿ ಮಲಗಿದಾರೆ! ಇದು ಶಾಲೆ ನಾಟಕ. ಮಗನ್ನ ಕಳಕೊಂಡ ರಾಣಿ ಪಾರ್ಟು ನಂದು. ಉಪಮೆಗಳನ್ನ ಬಾಯಿಪಾಠ ಒಪ್ಪಿಸ್ತೀಯ, ಅಳೋದೇ ಇಲ್ಲ ಅಂತ ಮೇಡಂ ಬೈದ್ರು. ನಾಳೆನೂ ಅಳದಿದ್ರೆ ಪಾರ್ಟು ಬೇರೆಯವರಿಗಂತೆ."

"ಪಾಪ, ದುಃಖಕ್ಕೆ ಏನೇನೋ ಬಡಬಡಿಸ್ತಿದೆ ಮಗು," ಎಂದು ಕನೆಲ್ಲಾ ಅವಳನ್ನು ತಬ್ಬಿಕೊಳ್ಳುವಷ್ಟರಲ್ಲಿ ಒಳಕೋಣೆಯ ಬಾಗಿಲು ಕಿರುಗುಟ್ಟಿತು. ಕೂದಲು ಕೆದರಿಕೊಂಡು, ಬರಿಗಾಲಲ್ಲಿ ಅಜ್ಜಿ ನಿಂತಿದ್ದರು. ಕನೆಲ್ಲಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕುರ್ಚಿಗೆ ಕುಸಿದಳು.

ಅಜ್ಜಿ ಕಪ್ಪು ಬಟ್ಟೆಗಳನ್ನು ನೋಡಿದರು, ಬಾಟಲಿಯನ್ನು ನೋಡಿದರು, ಮೊಮ್ಮಗಳತ್ತ ತಿರುಗಿದರು. "ಆ ಕೊನೇ ಸಾಲು ಇನ್ನೊಂದ್ಸಲ ಹೇಳು."

"ಬೇರು ಕಿತ್ತ ಆಲಿವ್ ಮರದಂತೆ ಬಿದ್ದಿದ್ದೇನೆ ಮಗನೇ, ಹಕ್ಕಿಗೂ ಬೇಡವಾದೆ..."

ನಾಟಕವೆಂದು ಗೊತ್ತಾದ ಮೇಲೂ ಹೆಂಗಸರು ಕಣ್ಣೊರೆಸಿಕೊಂಡರು. ಅವರ ಮಾನಿ ಸೀಮೆಯಲ್ಲಿ ಸತ್ತವರನ್ನು ಹಾಡಿ, ಅತ್ತು ಕಳಿಸಲೇಬೇಕು. ಹಾಗೆ ಅಳಬಲ್ಲವರು ಊರಿನಲ್ಲಿ ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಅಜ್ಜಿ ದೀರ್ಘವಾಗಿ ಉಸಿರು ಬಿಟ್ಟರು.

"ನಾನು ಸತ್ರೆ ಹಾಡಿ ಅಳೋರು ಯಾರೂ ಉಳಿದಿಲ್ಲ ಅಂತ ಎಷ್ಟು ಕೊರಗಿದ್ದೆ. ನಮ್ಮನೇಲೇ ಇದಾಳೆ ನೋಡು!" ಎಂದವರು ಮೇಜಿನ ಮೇಲಿದ್ದ ಲೋಟ ತೆಗೆದು ಮುಂದೆ ಚಾಚಿದರು. "ಕನೆಲ್ಲಾ, ನನಗೋಸ್ಕರ ತಾನೇ ತಂದಿದ್ದು? ಸುರಿ."