ನೋಡಿಬಂದ ಊರು

"ಬೇಗ ಹೇಳಿ ಮೇಡಂ, ಹಿಂದೆ ಇನ್ನೂ ಜನ ಕಾಯ್ತಿದ್ದಾರೆ," ಎಂದಳು ಹಡಗಿನ ಟೂರ್ ಕೌಂಟರಿನ ಹುಡುಗಿ. "ಬಸ್ಸಲ್ಲಿ ಕೋಟೆ, ದೋಣೀಲಿ ನದಿ, ಇಲ್ಲಾಂದ್ರೆ ನಡ್ಕೊಂಡು ಹಳೇ ಪೇಟೆ. ಯಾವುದಾದ್ರೂ ಒಂದೇ. ಸಂಜೆ ಹಡಗು ಹೊರಟುಬಿಡುತ್ತೆ."

ನರ್ಸಮ್ಮ ಗಂಡನ ಮುಖ ನೋಡಿದರು. ಆಸ್ಪತ್ರೆಯಲ್ಲಿದ್ದಾಗ ಯಾವ ರೋಗಿಯನ್ನು ಮೊದಲು ಒಳಗೆ ಬಿಡಬೇಕೆಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿದ್ದ ಹೆಂಗಸು, ಈಗ ಕೌಂಟರಿನ ಮೇಲಿನ ಬಣ್ಣದ ಮೂರು ಚಿತ್ರಗಳ ಮುಂದೆ ಕಣ್‌ಕಣ್ ಬಿಡುತ್ತ ನಿಂತಿದ್ದರು. ನಿವೃತ್ತಿಯಾದ ಮೇಲೆ ಗಡಿಯಾರ ರಿಪೇರಿಯವರನ್ನು ಮದುವೆಯಾಗಿದ್ದರು. ಆಕೆಗೆ ಇದು ಮೊದಲ ಮದುವೆ, ಅವರಿಗೆ ಎರಡನೆಯದು. ಈ ಪ್ರಯಾಣ ಗಡಿಯಾರದವರ ಮಗಳ ಉಡುಗೊರೆ. ಹಡಗು ಈ ಬಂದರಿನಲ್ಲೂ ನಿಲ್ಲುತ್ತದೆಂದು ತಿಳಿದದ್ದು ಹತ್ತಿದ ಮೇಲೆಯೇ. ತೀರಿಹೋದ ಮೊದಲ ಹೆಂಡತಿಯ ಜೊತೆ ಅವರು ನೋಡಿಬಂದ ಊರು ಇದು. ಆ ಕಥೆಯನ್ನು ಅಂಗಡಿಯ ಗಿರಾಕಿಗಳೆಲ್ಲ ಬಾಯಿಪಾಠ ಆಗುವಷ್ಟು ಕೇಳಿದ್ದರು. ನರ್ಸಮ್ಮನೂ ಮೊದಲು ಕೇಳಿದ್ದು ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಹೋದ ದಿನವೇ.

"ಕೋಟೆಗೆ ಹೋಗೋಣ್ವಾ?"

"ಕೋಟೆನಾ..."

"ನೋಡಿದೀರಲ್ಲ, ಬೇಡ್ವಾ?"

"ನೋಡಿದೀನಿ ಅಂತಲ್ಲ. ಬಿಸಿಲು ಜಾಸ್ತಿ."

"ಹಾಗಾದ್ರೆ ದೋಣಿ?"

"ದೋಣಿನೂ ಚೆನ್ನಾಗಿರುತ್ತೆ. ಆದ್ರೆ... ನಿಮ್ಮಿಷ್ಟ ಬಿಡಿ."

ಆ 'ನಿಮ್ಮಿಷ್ಟ' ನರ್ಸಮ್ಮನ ತಲೆ ಕೆಡಿಸಿತು. ಅಕ್ಕನ ಜೊತೆ ಓಡಾಡಿದ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗಲು ಇವರಿಗೆ ಮನಸ್ಸಿಲ್ಲವೋ? ಇಲ್ಲ, ಅಲ್ಲಿಗೇ ಹೋಗುವ ಆಸೆಯಿದ್ದು ಬಾಯಿಬಿಡಲು ಸಂಕೋಚವೋ? ಎಂದೂ ಕಾಣದ ಆ ಮೊದಲ ಹೆಂಡತಿಯನ್ನು ಆಕೆ ಮನಸ್ಸಿನೊಳಗೆ ಅಕ್ಕ ಎಂದೇ ಕರೆಯುತ್ತಿದ್ದರು. ಕೋಟೆ ಎಂದರೆ ಅಕ್ಕನ ಜಾಗಕ್ಕೆ ನುಗ್ಗಿದಂತೆ, ಬೇಡವೆಂದರೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಟ್ಟಂತೆ. ಹೋಗಲಿ, ನದಿಯನ್ನಾದರೂ ಅಕ್ಕ ನೋಡಿದ್ದರೋ ಇಲ್ಲವೋ? ಕೇಳಿಬಿಡೋಣವೆಂದರೆ ನಾಲಗೆ ಏಳಲಿಲ್ಲ.

ಅಷ್ಟರಲ್ಲಿ ಬಸ್ಸು ಭರ್ತಿಯಾಯಿತು. ದೋಣಿಯೂ ತುಂಬಿತು. "ಇನ್ನು ಉಳಿದಿರೋದು ಕಾಲ್ನಡಿಗೆ ಒಂದೇ," ಎನ್ನುತ್ತ ಹುಡುಗಿ ಇಬ್ಬರ ಬಟ್ಟೆಗೂ ಹಸಿರು ಸ್ಟಿಕ್ಕರ್ ಅಂಟಿಸಿದಳು. ತಾನು ಆರಿಸುವ ಗೋಜೇ ತಪ್ಪಿತಲ್ಲ ಎಂದು ನರ್ಸಮ್ಮ ಉಸಿರುಬಿಟ್ಟರು.

ಹಳೇ ಪೇಟೆಯಲ್ಲಿ ಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳು. ಮೇಲೆ ಈ ಮಹಡಿಯಿಂದ ಆ ಮಹಡಿಗೆ ಕಟ್ಟಿದ ಹಗ್ಗದ ಮೇಲೆ ಒದ್ದೆ ಬಟ್ಟೆಗಳು. ಗೈಡ್ ಒಂದು ಕೊಡೆ ಎತ್ತಿ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದ. ಹಡಗಿನಲ್ಲಿ ಒಂದೊಂದು ಮಾತಿಗೂ ತಡವರಿಸುತ್ತಿದ್ದ ಗಡಿಯಾರದವರು, ಆ ಬಟ್ಟೆಗಳನ್ನು ಕಂಡದ್ದೇ ತಡ, ಚುರುಕಾಗಿಬಿಟ್ಟರು.

"ಈ ತಿರುವು ದಾಟಿದ್ರೆ ಒಂದು ಚೌಕ. ನಡುಮಧ್ಯೆ ಕಾರಂಜಿ. ಕಲ್ಲಿನ ಮೂರು ಮೀನು, ಅದರಲ್ಲಿ ಒಂದರ ಬಾಯಲ್ಲಿ ಮಾತ್ರ ನೀರು ಬರಲ್ಲ! ಬನ್ನಿ ಬನ್ನಿ, ತೋರಿಸ್ತೀನಿ," ಎಂದು ಗೈಡನ್ನೂ ಹಿಂದೆ ಹಾಕಿ ನಡೆದರು. ನರ್ಸಮ್ಮ ಹೆಚ್ಚುಕಡಿಮೆ ಓಡಬೇಕಾಯಿತು.

ಚೌಕವೇನೋ ಇತ್ತು. ಒಂದು ಕಡೆ ಬಾಗಿಲು ಹಾಕಿದ ಹೋಟೆಲು, ಗೋಡೆಗೆ ಒರಗಿಸಿದ ಸೈಕಲ್ಲುಗಳು, ನಡುವೆ ಬಿಸಿಲಿನಲ್ಲಿ ಕಾಳು ಹುಡುಕುವ ಪಾರಿವಾಳಗಳು. ಕಾರಂಜಿ ಇರಲಿಲ್ಲ.

"ಕಾರಂಜಿ ಯಾವಾಗ ತೆಗೆದ್ರಪ್ಪಾ?" ಹಿಂದೆ ಬಂದ ಗೈಡನ್ನು ಅವರು ಕೇಳಿದರು.

"ಇಲ್ಲಿ ಕಾರಂಜಿ ಯಾವತ್ತೂ ಇರಲಿಲ್ಲ ಸಾರ್. ನಾನು ಹುಟ್ಟಿ ಬೆಳೆದಿದ್ದೇ ಆ ಮೂಲೆ ಮನೇಲಿ. ನೀವು ಬೇರೆ ಯಾವ್ದೋ ಊರು ಅಂದ್ಕೊಂಡಿರಬೇಕು," ಎಂದು ನಕ್ಕು, ಅವನು ಉಳಿದವರನ್ನು ನೆರಳಿಗೆ ಕರೆದ.

ಗಡಿಯಾರದವರು ಅಲ್ಲೇ ಒಂದು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ನರ್ಸಮ್ಮನ ಕೈ ತಾನಾಗಿ ಅವರ ನಾಡಿಗೆ ಹೋಯಿತು.

"ನಂಗೇನೂ ಆಗಿಲ್ಲ ಕಣ್ರೀ," ಎಂದರು ಅವರು. "ಈ ಊರಲ್ಲಿ ನಾನು ಕಾಲೇ ಇಟ್ಟಿರಲಿಲ್ಲ. ಆವತ್ತು ಹಡಗು ನಿಂತಾಗ ಅವಳಿಗೆ ದಿಂಬಿಂದ ತಲೆ ಎತ್ತೋಕಾಗದಷ್ಟು ಸುತ್ತು. ಒಬ್ಬಳನ್ನೇ ಬಿಟ್ಟು ಹ್ಯಾಗೆ ಇಳೀಲಿ? ದಿನವೆಲ್ಲಾ ಕ್ಯಾಬಿನ್ನಲ್ಲೇ ಇದ್ವಿ. ಅವಳು ಕಣ್ಮುಚ್ಕೊಂಡು, 'ಈಗ ಬಟ್ಟೆ ಒಣಗಿಸಿರೋ ಬೀದೀಲಿ ಹೋಗ್ತಿದೀವಿ, ಈಗ ತಿರುಗಿದ್ವಿ, ಅಗೋ ಕಾರಂಜಿ' ಅಂತ ಹೇಳ್ತಾ ಹೋದಳು. ಮನೆಗೆ ಬಂದ್ಮೇಲೆ ಕೇಳಿದೋರಿಗೆಲ್ಲಾ ಅದನ್ನೇ ಹೇಳಿದ್ವಿ. ಹೇಳ್ತಾ ಹೇಳ್ತಾ ಯಾವುದು ಕಂಡಿದ್ದು, ಯಾವುದು ಕೇಳಿದ್ದು ನಂಗೇ ಗೊತ್ತಾಗದೆ ಹೋಯ್ತು. ಬೆಳಿಗ್ಗೆ ನೀವು ಕೋಟೆ ಅಂದಾಗ ಎದೆ ಧಸಕ್ಕಂತು. ಅವಳು ಹೇಳಿದ ಹಾಗೆ ಇಲ್ದೇ ಹೋದ್ರೆ? ಇಲ್ಲಿ ಬಂದು ನೋಡಿದ್ರೆ ಬೀದಿ ಅವಳು ಹೇಳಿದ ಹಾಗೇ ಇತ್ತು. ಕಾರಂಜಿನೂ ಇರುತ್ತೆ ಅಂದ್ಕೊಂಡು ಮೋಸ ಹೋದೆ."

ಇಷ್ಟು ದಿನ ನರ್ಸಮ್ಮ ಒಳಗೊಳಗೇ ಕರುಬಿದ್ದು ಅಕ್ಕ ನೋಡೇ ಇರದ ಊರಿನ ಬಗ್ಗೆ. ಹಾಗಾದರೆ ಈಗ ಹಗುರಾಗಬೇಕಿತ್ತು. ಮೊದಲ ಸಲ ಈ ಊರಿನಲ್ಲಿ ಗಂಡನ ಜೊತೆ ನಡೆದವಳು ತಾನೇ ಎಂದು ಬೀಗಬಹುದಿತ್ತು. ಆದರೆ ಪಾರಿವಾಳಗಳ ನಡುವಿನ ಆ ಬರಿಜಾಗ ನೋಡಿದಷ್ಟೂ ಯಾರ ಮೇಲೆಂದು ತಿಳಿಯದ ಸಿಟ್ಟು ಉಕ್ಕಿತು. ಸೀದಾ ಗೈಡನ ಎದುರಿಗೆ ಹೋಗಿ ನಿಂತರು.

"ಸರಿಯಾಗಿ ಜ್ಞಾಪಿಸ್ಕೊಳ್ಳಪ್ಪಾ," ಎಂದು ವಾರ್ಡಿನ ಗದರುದನಿಯಲ್ಲೇ ಹೇಳಿದರು. "ನೀನು ಚಿಕ್ಕವನಿದ್ದಾಗ ಇದ್ದಿರಬೇಕು. ನಿಮ್ಮಮ್ಮನ್ನ ಕೇಳು, ಇಲ್ಲಾ ಅಜ್ಜೀನ ಕೇಳು. ಇರಲಿಲ್ಲ ಅಂದ್ರೆ ಹೇಗೆ? ನಮ್ಮಕ್ಕ ನೋಡಿದ್ದಾರೆ."