ಕಡೀ ರೀಲು

"ಕಡೀ ರೀಲು ಎಲ್ಲಿ ಮುಚ್ಚಿಟ್ಟೀಯೋ? ತಗಿ ಹೊರಗ!"

ಸೋನಾಬಾಯಿ ಟಾಕೀಸಿನ ಬಾಗಿಲಲ್ಲಿ ಗೇಟ್‌ಕೀಪರ್ ಉತ್ತಮನ ಅಂಗಿಯ ತೋಳು ಹಿಡಿದು ನಿಂತಿದ್ದಳು. ಮ್ಯಾಟಿನಿ ಬಿಟ್ಟು ಹೊರಬರುತ್ತಿದ್ದ ನಿಪ್ಪಾಣಿಯ ಜನ, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರು ಸಮೇತ, ಅಲ್ಲಲ್ಲೇ ನಿಂತರು. ಸೋನಾಬಾಯಿಯ ಹಿಂದೆ ಸೆರಗಿನ ತುದಿ ಕಚ್ಚಿಕೊಂಡಿದ್ದ ಸತ್ತೆವ್ವನಿಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು.

"ಪಿಕ್ಚರ್ ಸಂಪಲಾ, ಮಾವಶೀ. ಮುಗೀತು. ಮನೀಗಿ ನಡೀರಿ," ಎಂದ ಉತ್ತಮ.

"ಏನ್ ಮುಗೀತೋ? ಆಕಿ ಅವನ ಕಾಲಿಗೆ ಬಿದ್ದಳು, ಅಂವ ಎತ್ತಿದ, ನೀವು ಲೈಟ್ ಹಚ್ಚಿದ್ರಿ. ಆಕಿ ಚಿಲಕ ಹಾಕೂದು ಎಲ್ಲೈತಿ? ಅಂವ ಮಳ್ಯಾಗ ನಿಂತು ಬಾಗಲಾ ಬಡಿಯೂದು ಎಲ್ಲೈತಿ? ಗಂಡಸರೆಲ್ಲಾ ಕೂಡಿ ಕೊಯ್ದೀರೇನ ಅದನ್ನ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಆ ಚಿಲಕ ಹಾಕಿಸಿದವಳು ಸತ್ತೆವ್ವ. ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುವ ಹೆಂಗಸರಿಗೆಲ್ಲ ಸಿನಿಮಾ ನೋಡಿ ಬಂದು ಕತೆ ಹೇಳುವುದು ಅವಳ ಪಾಲಿನ ಕೆಲಸ. ಹೇಳುವಷ್ಟು ಹೊತ್ತು ಅವಳ ಜರಡಿಯನ್ನು ಉಳಿದವರು ಹಿಡಿಯುತ್ತಿದ್ದರು. ಹೋದ ವಾರ ಈ ಸಿನಿಮಾ ನೋಡುವಾಗ ಅವಳಿಗೆ ಮೈಯೆಲ್ಲ ಉರಿದಿತ್ತು. ಮಾಡದ ತಪ್ಪಿಗೆ ಹೊರಗೆ ದಬ್ಬಿಸಿಕೊಂಡವಳು, ಹತ್ತು ಮನೆಯ ಮುಸುರೆ ತಿಕ್ಕಿ ಬದುಕಿದವಳು, ಕೊನೆಗೆ ಅದೇ ಗಂಡನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ! ಅದಕ್ಕೆ ಜನ ಸೀಟಿ ಹೊಡೆಯುತ್ತಾರೆ! ಅಜ್ಜಿಯ ಕತೆಗಳಲ್ಲಾದರೆ ಕಾಡಿಗೆ ಅಟ್ಟಿದ ರಾಣಿಯನ್ನು ಹುಡುಕಿಕೊಂಡು ರಾಜನೇ ಬರಿಗಾಲಲ್ಲಿ ಬರಬೇಕಿತ್ತು. ಬಂದರೂ ಆಕೆ ಒಂದು ತಂಬಿಗೆ ನೀರು ಕೊಟ್ಟು ಹೊಳ್ಳಿ ಕಳಿಸುತ್ತಿದ್ದಳು. ಮರುದಿನ ವಖಾರಿಯಲ್ಲಿ ಕತೆ ಕೊನೆಗೆ ಬಂದಾಗ ಸತ್ತೆವ್ವನ ನಾಲಿಗೆ ಆ ಕಾಲಿನ ಕಡೆ ಹೋಗಲೇ ಇಲ್ಲ. "ಆಕಿ ಒಳಗಿಂದ ಚಿಲಕ ಹಾಕಿದಳು," ಎಂದುಬಿಟ್ಟಳು. ಮೂಗುಬಾಯಿಗೆ ಅರಿವೆ ಕಟ್ಟಿಕೊಂಡಿದ್ದ ನಲವತ್ತು ಹೆಂಗಸರು, ಸೋನಾಬಾಯಿಯೂ ಸೇರಿ, ಒಮ್ಮೆಗೇ ಜರಡಿ ಬಡಿದರು.

ಅವತ್ತೇ ಸಂಜೆ ಬೋರಗಾಂವದಿಂದ ಸೋನಾಬಾಯಿಯ ಗಂಡ ಮಲಕಾರಿ ಬಂದಿದ್ದ. ಬಂಜೆಯೆಂದು ಎಂಟು ವರ್ಷದ ಹಿಂದೆ ಅವಳನ್ನು ಹೊರಗೆ ಹಾಕಿದವನು. ಈಗ ಅವನ ಅವ್ವ ಹಾಸಿಗೆ ಹಿಡಿದಿದ್ದಳು. "ಹಿರ್ಯಾರ ಮುಂದ ತಪ್ಪಾತಂತ ಕಾಲ ಹಿಡಿ, ಕರಕೊಂಡ ಹೋಗ್ತೇನಿ," ಎಂದನಂತೆ. ಸೋನಾಬಾಯಿ ಒಳಗೆ ಹೋಗಿ ಬಾಗಿಲಿನ ಚಿಲಕ ಹಾಕಿಕೊಂಡಿದ್ದಳು. ನಾಳೆ ಹಿರಿಯರನ್ನೇ ಕರೆತರುತ್ತೇನೆಂದು ಅವನು ಇವತ್ತು ಬೆಳಿಗ್ಗೆ ಹೇಳಿ ಕಳಿಸಿದ್ದ. ಅದಕ್ಕೇ ಸೋನಾಬಾಯಿ, ಸಿನಿಮಾದ ಆ ಬಾಗಿಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು, ಸತ್ತೆವ್ವ ಎಷ್ಟು ಬೇಡವೆಂದರೂ ಕೇಳದೆ ಅವಳನ್ನೂ ಎಳೆದುಕೊಂಡು ಬಂದಿದ್ದಳು.

"ರೀಲು ಕೊಯ್ಯಾಕ ನಮಗೇನ ಹುಚ್ಚ ಹಿಡದೈತೇನ್ರಿ?" ಉತ್ತಮ ತೋಳು ಬಿಡಿಸಿಕೊಂಡ. "ದಿನಾ ಮೂರ ಆಟ ನೋಡ್ತೀನಿ. ಮೂರೂ ಸಲ ಕಾಲಿಗೇ ಬೀಳ್ತಾಳ. ಚಿಲಕದ ಸುದ್ದಿ ಯಾರ ಹೇಳಿದ್ರ ನಿಮಗ?"

"ಇಕಾ, ಈಕಿ! ಖುದ್ದ ನೋಡ್ಯಾಳ. ಹೇಳ ಬೇ ಸತ್ತೆವ್ವಾ, ಹೆದರಬ್ಯಾಡ."

ಎಲ್ಲರ ಕಣ್ಣೂ ಸತ್ತೆವ್ವನ ಮೇಲೆ ಬಿದ್ದವು. ನಿಜ ಹೇಳಿದರೆ ನಾಳೆ ಹಿರಿಯರ ಎದುರು ಸೋನಕ್ಕನ ಬಾಗಿಲು ತೆರೆದೀತೆಂದು ಅವಳಿಗೆ ಹೆದರಿಕೆಯಾಯಿತು. ಆದರೆ ಇಷ್ಟು ಜನ ಅಕ್ಕನನ್ನು ನೋಡಿ ನಗುತ್ತಿರುವಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದೂ ಆಗಲಿಲ್ಲ.

"ಸೋನಕ್ಕಾ, ನಾ ಸುಳ್ಳ ಹೇಳೀನಿ. ಸಿಟ್ಟ ತಡೀಲಿಲ್ಲ, ಹಂಗಂದ್ನಿ. ಯಾರೂ ಚಿಲಕ ಹಾಕಿಲ್ಲ."

"ಯಾರೂ ಹಾಕಿಲ್ಲ?"

ಸೋನಾಬಾಯಿ ಅವಳನ್ನೇ ದಿಟ್ಟಿಸಿದಳು. ತಂಬಾಕಿನ ಧೂಳಿಗೆ ವರ್ಷವಿಡೀ ಕೆಂಪಗಿರುವ ಆ ಕಣ್ಣುಗಳಲ್ಲಿ ಏನಿದೆಯೆಂದು ಸತ್ತೆವ್ವನಿಗೆ ತಿಳಿಯಲಿಲ್ಲ.

"ಮತ್ತ, ಅವತ್ತ ನಾ ಹಾಕಿದ್ದ ಏನದು?"