ಹುಳ ತಿಂದ ಕರಿಬೇವು

ಕರಿಬೇವಿನ ಎಲೆ ಕೀಳುವಾಗ ಬರುವ ವಾಸನೆಯಿಂದ ಈಗಲೂ ಶಾಲೆಯ ಚಿಟ್ಟೆ ತೋಟದ ಆ ಮಧ್ಯಾಹ್ನ ನೆನಪಾಗುತ್ತದೆ.

ಪೆರ್ಡೂರಿನ ಅಜ್ಜಿ ಕೊಟ್ಟ ಗಿಡವನ್ನು ನಾನೇ ಅಲ್ಲಿ ನೆಟ್ಟಿದ್ದೆ. ಹಸಿರು ಹುಳಗಳು ಅದರ ಎಲೆಗಳನ್ನು ಅಂಚಿನಿಂದ ತಿನ್ನುತ್ತಾ ಬಂದಿದ್ದವು.

“ನಾಳೆ ತೋಟದ ಉದ್ಘಾಟನೆ ಉಂಟು. ಹುಳ ತಿಂದ ಗಿಡ ಎಂತಕ್ಕೆ? ಕಿತ್ತು ಬಿಸಾಡು ಮಾರಾಯ್ತಿ,” ಎಂದರು ಹೆಡ್ ಟೀಚರ್.

“ಈ ಹುಳಗಳೇ ಚಿಟ್ಟೆಯಾಗುವುದು, ಟೀಚರ್.”

“ಚಿಟ್ಟೆ ಹೂವಿಗೆ ಬರ್ತದೆ. ಕೇಪುಳದ ಹೂ ಉಂಟಲ್ವಾ?”

“ಬರುವುದು ಹೂವಿಗೆ. ಹುಟ್ಟುವುದು ಎಲ್ಲಿ?”

ಅವರೇ ಗಿಡಕ್ಕೆ ಕೈ ಹಾಕಿದರು. ಹುಳವೊಂದು ತಲೆಯೆತ್ತಿ ಎರಡು ಕೆಂಪು ಕೊಂಬು ಚಾಚಿತು. ಘಾಟು ವಾಸನೆ ಬಂತು. ಟೀಚರ್ ಕೈ ಎಳೆದುಕೊಂಡರು. ನಾನು ಗಿಡದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ.

ಮರುದಿನ ಅತಿಥಿಗಳು ಬಂದಾಗ ಹುಳಗಳು ತಿಂದು ಗಿಡದಲ್ಲಿ ಒಂದೂ ಎಲೆ ಉಳಿದಿರಲಿಲ್ಲ. ಗಿಡ ಮಾತ್ರ ಅಲ್ಲೇ ಇತ್ತು, ಪಕ್ಕದಲ್ಲಿ ನಾನೂ.